ಕೊಳ ತೋಡಿಸಿದರೆ ಕಪ್ಪೆಯ ಬಾಕಿ ಚುಕ್ತಾ ಆಗುವುದಿಲ್ಲ

ಪರಿಸರ ಪರಿಣಾಮ ವರದಿಗಳನ್ನು ಬರೆಯುವ, ಪರಿಶೀಲಿಸುವ, ಅವುಗಳಿಗೆ ಒಪ್ಪಿಗೆಯ ಸಹಿ ಹಾಕುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ರಸ್ತೆ, ಗಣಿ, ಅಣೆಕಟ್ಟು, ಬಡಾವಣೆ, ಯೋಜನೆ ಯಾವುದೇ ಇರಲಿ, ನಿಮ್ಮ ಮೇಜಿಗೆ ಬರುವ ವರದಿಯಲ್ಲಿ ಆನೆಗೊಂದು ಅಧ್ಯಾಯ, ಹಕ್ಕಿಗಳಿಗೆ ಒಂದಷ್ಟು ಪುಟ ಇರುತ್ತವೆ. ಕಪ್ಪೆಗೆ ಸಿಗುವುದು ಎರಡು ಸಾಲು. ಸ್ಥಳದಲ್ಲಿ ಶಾಶ್ವತ ಜಲಮೂಲವಿಲ್ಲ, ಆದ್ದರಿಂದ ಉಭಯಚರಗಳಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ ಎಂಬುದು ಮೊದಲನೆಯದು. ಇದ್ದ ನೀರನ್ನು ಮುಚ್ಚುವುದಾದರೆ ಅದರ ಬದಲಿಗೆ ಒಂದು ಕೊಳ ತೋಡಿಸಲಾಗುವುದು ಎಂಬುದು ಎರಡನೆಯದು. ಈ ಎರಡೂ ಸಾಲುಗಳಿಗೆ ನೀವು ಕಣ್ಣು ಮಿಟುಕಿಸದೆ ಒಪ್ಪಿಗೆ ಕೊಡುತ್ತೀರಿ. ಅವೆರಡನ್ನೂ ನಿಮ್ಮ ಕಡತಗಳಿಂದ ಹೊರಗೆ ಹಾಕಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಪ್ಪೆ ಎಂದರೆ ಕೊಳದ ಪ್ರಾಣಿ ಎಂಬ ನಂಬಿಕೆ ಆ ಸಾಲುಗಳ ಬುಡದಲ್ಲಿದೆ. ಕೊಳದಲ್ಲಿ ಮೊಟ್ಟೆ, ಮೊಟ್ಟೆಯಿಂದ ಗೊದಮೊಟ್ಟೆ, ಬಾಲ ಕರಗಿ ಕಪ್ಪೆ: ಶಾಲೆಯ ಗೋಡೆಯ ಮೇಲಿದ್ದ ಆ ದುಂಡನೆಯ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಇನ್ನೂ ಹಾಗೇ ಉಳಿದಿದೆ. ಆ ಚಿತ್ರ ಸುಳ್ಳಲ್ಲ, ಆದರೆ ಅದು ಹಲವು ದಾರಿಗಳಲ್ಲಿ ಒಂದು ಮಾತ್ರ. ಜಗತ್ತಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜಾತಿಯ ಕಪ್ಪೆಗಳಿವೆ. ಮೊಟ್ಟೆ ಎಲ್ಲಿಡುತ್ತವೆ, ಮರಿ ಎಲ್ಲಿ ಬೆಳೆಯುತ್ತದೆ, ಯಾರು ಕಾಯುತ್ತಾರೆ ಎಂಬ ಲೆಕ್ಕದಲ್ಲಿ ಜೀವಶಾಸ್ತ್ರಜ್ಞರು ಅವುಗಳಲ್ಲಿ 40ಕ್ಕೂ ಹೆಚ್ಚು ಬಗೆಯ ಸಂತಾನಕ್ರಮಗಳನ್ನು ಗುರುತಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ನೆಲದ ಮೇಲೆ ಬದುಕುವ ಬೇರಾವ ಗುಂಪಿನಲ್ಲೂ ಇಷ್ಟು ವೈವಿಧ್ಯವಿಲ್ಲ. ಒಂದೊಂದು ಕ್ರಮವೂ ಒಂದೊಂದು ಬಗೆಯ ಜಾಗಕ್ಕೆ ಅಂಟಿಕೊಂಡಿದೆ. ಜಾಗ ಹೋದರೆ ಕ್ರಮವೂ ಹೋಯಿತು, ಕಪ್ಪೆಯೂ ಹೋಯಿತು.

ಮಾತಿಗೆ ಸಾಕ್ಷಿಯಾಗಿ ಟಾಂಜಾನಿಯಾದ ಕಿಹಾನ್ಸಿ ಕಮರಿಯನ್ನು ನೋಡಿ. ಅಲ್ಲಿ ಎತ್ತರದಿಂದ ಬೀಳುವ ಜಲಪಾತ ಸುತ್ತಲಿನ ಬಂಡೆ, ಹುಲ್ಲು, ಪಾಚಿಗಳ ಮೇಲೆ ಹಗಲೂ ರಾತ್ರಿ ತುಂತುರು ಎರಚುತ್ತಿತ್ತು. ಆ ತುಂತುರಿನಲ್ಲಿ ನೆನೆದ ಸುಮಾರು ಎರಡು ಹೆಕ್ಟೇರ್ ಇಳಿಜಾರಿನಲ್ಲಿ ಮಾತ್ರ, ಭೂಮಿಯ ಮೇಲೆ ಬೇರೆಲ್ಲೂ ಅಲ್ಲ, ಬೆರಳ ತುದಿಯಷ್ಟು ಗಾತ್ರದ ಹಳದಿ ನೆಲಗಪ್ಪೆಯೊಂದು ಬದುಕಿತ್ತು. ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1996ರಲ್ಲಿ, ಜಲವಿದ್ಯುತ್ ಯೋಜನೆಯ ಕೆಲಸ ಆಗಲೇ ನಡೆಯುತ್ತಿದ್ದಾಗ. ಈ ಕಪ್ಪೆ ಮೊಟ್ಟೆ ಇಡುವುದಿಲ್ಲ. ಗೊದಮೊಟ್ಟೆಯ ಹಂತವೆಲ್ಲ ತಾಯಿಯ ಹೊಟ್ಟೆಯೊಳಗೇ ಮುಗಿದು, ಅಕ್ಕಿಕಾಳಿನಷ್ಟು ಪುಟ್ಟದಾದರೂ ಕೈಕಾಲು ಪೂರ್ತಿ ಮೂಡಿದ ಮರಿಗಳು ಹೊರಬರುತ್ತವೆ. ಅದಕ್ಕೆ ಬೇಕಾದದ್ದು ನಿಂತ ನೀರಲ್ಲ, ಹರಿವ ನೀರೂ ಅಲ್ಲ. ಗಾಳಿಯಲ್ಲಿ ತೇಲುವ ನೀರು.

ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಿವಿನ ಶೇಕಡಾ 90ರಷ್ಟು ಸುರಂಗದ ಕಡೆಗೆ ತಿರುಗಿತು. ಜಲಪಾತ ಸೊರಗಿತು, ತುಂತುರು ನಿಂತಿತು, ಇಳಿಜಾರು ಒಣಗಿತು. ಆಗ ಎಚ್ಚರವಾಯಿತು. 2000ನೇ ಇಸವಿಯ ಕೊನೆಯಲ್ಲಿ 499 ಕಪ್ಪೆಗಳನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ವಿಮಾನದಲ್ಲಿ ಸಾಗಿಸಿದರು. ಕಮರಿಯಲ್ಲಿ ಕೊಳವೆ ಎಳೆದು ಕೃತಕ ತುಂತುರು ಹನಿಸಿದರು. ಕೆಲಕಾಲ ಕಪ್ಪೆಗಳು ಚೇತರಿಸಿಕೊಂಡವು. 2003ರಲ್ಲಿ ಇದ್ದಕ್ಕಿದ್ದಂತೆ ಸಂಖ್ಯೆ ಕುಸಿಯಿತು; ಉಭಯಚರಗಳ ಚರ್ಮಕ್ಕೆ ತಗಲಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಅಲ್ಲಿ ಪತ್ತೆಯಾಯಿತು. 2009ರಲ್ಲಿ ಈ ಜಾತಿಯನ್ನು ನಿಸರ್ಗದಲ್ಲಿ ಅಳಿದುಹೋದದ್ದೆಂದು ಘೋಷಿಸಲಾಯಿತು. ಮೃಗಾಲಯದಲ್ಲಿ ಹುಟ್ಟಿದ ಕಪ್ಪೆಗಳನ್ನು 2012ರಿಂದ ಮತ್ತೆ ಕಮರಿಗೆ ಬಿಡಲಾಗುತ್ತಿದೆ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದಂತಾಯಿತು ಎಂದು ಸುಲಭವಾಗಿ ಹೇಳಬಹುದು. ಆದರೆ ನಾನು ಇಲ್ಲಿ ತೋರಿಸಬೇಕೆಂದಿರುವುದು ತಡವಾದದ್ದನ್ನಲ್ಲ. ಅಲ್ಲಿನವರು ಕಪ್ಪೆಗೆ ಬೇಕಾದದ್ದೇನು ಎಂದು ತಿಳಿದುಕೊಂಡಿದ್ದರು, ಅದನ್ನೇ ಯಂತ್ರದಿಂದ ಒದಗಿಸಲು ಹೊರಟರು, ಸಾಕಷ್ಟು ಹಣವನ್ನೂ ಸುರಿದರು. ಆದರೂ ಹತ್ತು ವರ್ಷದೊಳಗೆ ಆ ಕಪ್ಪೆ ಕಮರಿಯಿಂದ ಮಾಯವಾಯಿತು. ಕಪ್ಪೆಗೆ ಬೇಕಾದದ್ದೇನೆಂದೇ ಕೇಳದೆ ಒಂದು ಗುಂಡಿ ತೋಡಿ ನೀರು ಬಿಟ್ಟು ಕೈತೊಳೆದುಕೊಳ್ಳುವ ಯೋಜನೆಗಳ ಗತಿ ಏನಾದೀತು?

ಈಗ ಮೊದಲ ಸಾಲಿಗೆ ಬರೋಣ. ಜಲಮೂಲವಿಲ್ಲ, ಆದ್ದರಿಂದ ಕಪ್ಪೆಯಿಲ್ಲ.

ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ವಾಟೆ ಬಿದಿರಿನ ಟೊಳ್ಳಿನೊಳಗೆ ಸಂಸಾರ ಹೂಡುವ ಪುಟ್ಟ ಪೊದೆಗಪ್ಪೆಗಳಿವೆ. ಬಿದಿರಿನ ಎರಡು ಗೆಣ್ಣುಗಳ ನಡುವೆ, ಒಂದು ಸೀಳು ಬಿಟ್ಟಿದ್ದರೆ ಅದೇ ಬಾಗಿಲು. ಕಪ್ಪೆ ಮೈಯನ್ನು ಚಪ್ಪಟೆ ಮಾಡಿಕೊಂಡು ಒಳಗೆ ತೂರುತ್ತದೆ. ಒಳಗೋಡೆಗೆ ಅಂಟಿಸಿದ ಬೆರಳೆಣಿಕೆಯ ಮೊಟ್ಟೆಗಳನ್ನು ಗಂಡು ಕಾಯುತ್ತದೆ. ಅಲ್ಲಿ ಈಜುವ ಗೊದಮೊಟ್ಟೆ ಎಂಬುದೇ ಇಲ್ಲ. ಮೊಟ್ಟೆಯ ಲೋಳೆಯೊಳಗೇ ರೂಪಾಂತರ ಮುಗಿಸಿ ಕಪ್ಪೆಮರಿಯೇ ನೇರವಾಗಿ ಹೊರಬರುತ್ತದೆ. ಈ ಕುಲದ ಬೇರೆ ಪೊದೆಗಪ್ಪೆಗಳು ಎಲೆಗಳ ಮೇಲೆ, ತರಗೆಲೆಯ ಕೆಳಗೆ ಹೀಗೆಯೇ ಮರಿ ಮಾಡುತ್ತವೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಕೊಳದ ಹಂತವನ್ನು ಪೂರ್ತಿ ಕೈಬಿಟ್ಟ ನೂರಾರು ಜಾತಿಗಳಿವೆ. ಇವುಗಳ ಪಾಲಿಗೆ ಜಲಮೂಲ ಎಂದರೆ ಮರದ ನೆರಳು, ಮಂಜು, ಒದ್ದೆಯಾಗಿ ಉಳಿಯುವ ನೆಲ. ಬಿದಿರನ್ನು ಕಡಿದು, ತರಗೆಲೆ ಗುಡಿಸಿ, ಮೇಲಿನ ನೆರಳು ತೆಗೆದು, ಪಕ್ಕದಲ್ಲೊಂದು ಅಚ್ಚುಕಟ್ಟಾದ ಕೊಳ ಕಟ್ಟಿಸಿಕೊಟ್ಟರೆ ಆ ಕಪ್ಪೆ ಅದನ್ನು ಏನು ಮಾಡಬೇಕು? ಅದರ ಮೊಟ್ಟೆ ನೀರಿಗೆ ಬಿದ್ದರೆ ಕೊಳೆಯುತ್ತದೆ ಅಷ್ಟೆ.

ಪಶ್ಚಿಮ ಆಫ್ರಿಕಾದ ನಿಂಬಾ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿರುವ ನೆಲಗಪ್ಪೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತಾಯಿ ಮರಿಗಳನ್ನು ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಹೊರುತ್ತದೆ, ಒಳಗೇ ಸ್ರವಿಸುವ ಪೋಷಕ ದ್ರವ ಉಣಿಸಿ ಬೆಳೆಸುತ್ತದೆ. ಆ ಬೆಟ್ಟದ ಒಡಲಲ್ಲಿ ಕಬ್ಬಿಣದ ಅದಿರಿದೆ. ಗಣಿಯ ವರದಿಯಲ್ಲಿ ಜಲಮೂಲಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಈ ಪ್ರಾಣಿಯ ಹೆರಿಗೆಮನೆ ಅದರಲ್ಲಿ ಸಿಗುವುದಿಲ್ಲ.

ಒಣಭೂಮಿಯ ಸಮೀಕ್ಷೆಗಳದ್ದು ಬೇರೆಯೇ ತಮಾಷೆ. ಬೇಸಿಗೆಯಲ್ಲಿ, ಹಗಲು ಹೊತ್ತಿನಲ್ಲಿ, ಜೀಪಿನಿಂದಿಳಿದು ನೋಡಿದವರಿಗೆ ಮರಳು ಕಾಣುತ್ತದೆ, ಮುಳ್ಳು ಕಾಣುತ್ತದೆ. ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಸ್ಪೇಡ್‌ಫುಟ್ ಕಪ್ಪೆ ಅವರ ಬೂಟಿನ ಕೆಳಗೇ ಇರಬಹುದು. ಅದರ ಹಿಂಗಾಲಿನಲ್ಲಿ ಗುದ್ದಲಿಯ ಅಲಗಿನಂಥ ಗಟ್ಟಿ ಅಂಚೊಂದಿದೆ. ಅದರಿಂದ ಹಿಂದು ಹಿಂದಕ್ಕೆ ಅಗೆಯುತ್ತ ಮಣ್ಣಿಗಿಳಿದು ವರ್ಷದ ಬಹುಪಾಲನ್ನು ಅಲ್ಲೇ ಕಳೆಯುತ್ತದೆ. ಮಳೆ ಗುಡುಗಿ ನೆಲ ನಡುಗಿದಾಗ ಮೇಲೇಳುತ್ತದೆ. ಅದೇ ರಾತ್ರಿ ಹೊಂಡಗಳಲ್ಲಿ ಕೂಗು, ಅದೇ ರಾತ್ರಿ ಮೊಟ್ಟೆ. ನೀರು ಇಂಗುವ ಮೊದಲು ಮುಗಿಸಬೇಕೆಂಬ ಆತುರ ಎಷ್ಟೆಂದರೆ, ಬಿಸಿಲಿಗೆ ಕಾದ ಆ ಹೊಂಡದಲ್ಲಿ ಗೊದಮೊಟ್ಟೆ ಎಂಟು-ಹತ್ತು ದಿನಗಳಲ್ಲೇ ಕಪ್ಪೆಯಾಗಿ ದಡ ಹತ್ತಬಲ್ಲದು. ಆಸ್ಟ್ರೇಲಿಯಾದ ಒಣನಾಡಿನ ಇನ್ನೊಂದು ಕಪ್ಪೆ ಮೂತ್ರಕೋಶದ ತುಂಬ ನೀರು ತುಂಬಿಕೊಂಡು, ತಾನೇ ಕಳಚಿದ ಚರ್ಮದ ಪದರಗಳನ್ನು ಸುತ್ತಲೂ ಹೊದ್ದು ಮಣ್ಣಿನೊಳಗೆ ಮಲಗುತ್ತದೆ. ಮಳೆ ಬಾರದಿದ್ದರೆ ಮುಂದಿನ ವರ್ಷ, ಅದೂ ಇಲ್ಲದಿದ್ದರೆ ಅದರ ಮುಂದಿನ ವರ್ಷ. ಅದರ ಮೇಲೆ ಡಾಂಬರು ಹಾಕಿ ಅಲ್ಲಿ ಕಪ್ಪೆ ಇರಲಿಲ್ಲ ಎಂದು ಬರೆಯುವುದು ಎಷ್ಟು ಸುಲಭ!

ಅದಿರಲಿ. ಬದಲಿ ಕೊಳದ ವಿಷಯದಲ್ಲಿ ನಿಮ್ಮ ಇಂಜಿನಿಯರುಗಳಿಗೆ ಹೊಳೆಯದ ಸಂಗತಿ ಒಂದಿದೆ. ಬತ್ತುವ ನೀರೇ ಬಹಳಷ್ಟು ಕಪ್ಪೆಗಳಿಗೆ ಬೇಕಾದ ನೀರು.

ಬತ್ತುವ ಹೊಂಡದಲ್ಲಿ ಮೀನು ನೆಲೆಸಲಾರದು. ಮೀನಿಲ್ಲದ ಕಡೆ ಗೊದಮೊಟ್ಟೆಗೆ ಉಳಿವು. ಅದಕ್ಕಾಗಿಯೇ ಎಷ್ಟೋ ಜಾತಿಗಳು ಮೂರು ತಿಂಗಳ ಕೆಸರುಗುಂಡಿಯನ್ನು ಹುಡುಕಿ ಹೋಗುತ್ತವೆ, ಪಕ್ಕದಲ್ಲೇ ದೊಡ್ಡ ಕೆರೆಯಿದ್ದರೂ ಅತ್ತ ತಿರುಗಿ ನೋಡುವುದಿಲ್ಲ. ಅಲಾಸ್ಕಾದವರೆಗೂ ಹಬ್ಬಿರುವ ಉತ್ತರ ಅಮೆರಿಕದ ಕಾಡುಗಪ್ಪೆ ಚಳಿಗಾಲವನ್ನು ತರಗೆಲೆಗಳ ಕೆಳಗೆ, ನೆಲದ ಮೇಲ್ಪದರದಲ್ಲಿ ಕಳೆಯುತ್ತದೆ. ಅದರ ದೇಹದ ನೀರಿನಲ್ಲಿ ಮೂರನೇ ಎರಡು ಭಾಗದಷ್ಟು ಹೆಪ್ಪುಗಟ್ಟುತ್ತದೆ. ಉಸಿರು ನಿಲ್ಲುತ್ತದೆ, ಹೃದಯದ ಬಡಿತವೂ ನಿಲ್ಲುತ್ತದೆ. ಯಕೃತ್ತು ರಕ್ತಕ್ಕೆ ಸುರಿದ ಸಕ್ಕರೆ ಮಾತ್ರ ಜೀವಕೋಶಗಳನ್ನು ಒಡೆದುಹೋಗದಂತೆ ಕಾಪಾಡುತ್ತಿರುತ್ತದೆ. ವಸಂತದಲ್ಲಿ ಕರಗಿ ಎದ್ದ ಕೂಡಲೇ ಈ ಕಪ್ಪೆ ಹೋಗುವುದು ಹಿಮ ಕರಗಿ ತುಂಬಿದ, ಬೇಸಿಗೆಗೆ ಒಣಗಿಬಿಡುವ ಕಾಡಿನ ಹೊಂಡಗಳಿಗೆ. ಆ ಹೊಂಡವನ್ನು ಮುಚ್ಚಿ, ಬದಲಿಗೆ ಆಳವಾದ, ವರ್ಷವಿಡೀ ತುಂಬಿರುವ, ನೋಡಲು ಚೆಂದದ ಕೊಳವೊಂದನ್ನು ತೋಡುತ್ತೀರಿ. ಅಲ್ಲಿಗೆ ಮೀನು ಬರುತ್ತದೆ, ಅಥವಾ ಸೊಳ್ಳೆ ನಿಯಂತ್ರಣಕ್ಕೆಂದು ನೀವೇ ತಂದು ಬಿಡುತ್ತೀರಿ. ಸೊಳ್ಳೆಮೀನು ಸೊಳ್ಳೆಮರಿಯನ್ನು ಮಾತ್ರ ತಿನ್ನುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮೊಟ್ಟೆ, ಗೊದಮೊಟ್ಟೆ ಎಲ್ಲವೂ ಅದರ ಪಾಲು.

ಬತ್ತುವ ನೀರನ್ನು ನಂಬಿದವರ ಬದುಕು ಹಗುರವಾದದ್ದೇನಲ್ಲ. ಆಫ್ರಿಕಾದ ಗೂಳಿಗಪ್ಪೆಯ ಗಂಡು ತನ್ನ ಗೊದಮೊಟ್ಟೆಗಳ ಗುಂಪನ್ನು ಆಳವಿಲ್ಲದ ಬೆಚ್ಚನೆಯ ಗುಂಡಿಯಲ್ಲಿ ಕಾಯುತ್ತದೆ. ಬೇಗ ಬೆಳೆಯಲು ಆ ಬಿಸಿ ಬೇಕು. ಆದರೆ ಬಿಸಿಲು ಏರಿದಂತೆ ಗುಂಡಿ ಕಿರಿದಾಗುತ್ತದೆ. ಮರಿಗಳು ಕೆಸರಿನಲ್ಲಿ ಒಂದರ ಮೇಲೊಂದು ಒದ್ದಾಡತೊಡಗಿದಾಗ ತಂದೆ ಗುಂಡಿಯ ಅಂಚಿಗೆ ಬರುತ್ತದೆ. ಹಿಂಗಾಲುಗಳಿಂದ ಕೆಸರನ್ನು ತಳ್ಳುತ್ತ, ಭಾರದ ಮೈಯನ್ನೇ ನೇಗಿಲು ಮಾಡಿಕೊಂಡು ಹಿಂದಕ್ಕೆ ಸರಿಯುತ್ತ, ಪಕ್ಕದ ದೊಡ್ಡ ನೀರಿನವರೆಗೆ ಕಾಲುವೆ ಕೊರೆಯುತ್ತದೆ. ನೀರು ಹರಿದು ಬಂದಾಗ ಮರಿಗಳು ಅದೇ ದಾರಿಯಲ್ಲಿ ದೊಡ್ಡ ಹೊಂಡ ಸೇರುತ್ತವೆ. ಈ ಇಡೀ ವ್ಯವಸ್ಥೆಗೆ ಬೇಕಾದದ್ದು ಒಂದರ ಪಕ್ಕ ಒಂದು ಇರುವ ಹತ್ತಾರು ತಗ್ಗುಗಳು, ಅಗೆಯಲು ಬರುವ ಮೆತ್ತನೆಯ ದಂಡೆ. ಸಿಮೆಂಟಿನ ಅಂಚು ಕಟ್ಟಿದ ಒಂಟಿ ಕೊಳದಲ್ಲಿ ಆ ತಂದೆಗೆ ಮಾಡಲು ಕೆಲಸವೇ ಇಲ್ಲ.

ತೊರೆಗಳ ವಿಷಯದಲ್ಲಿ ಇನ್ನೊಂದು ಬಗೆಯ ಕುರುಡು. ನೀರಿನ ಪ್ರಮಾಣ ಅಳೆಯುತ್ತೀರಿ, ನೀರಿನ ಮೇಲೆ ಬಾಗಿದ ಕೊಂಬೆಯನ್ನು ಅಳೆಯುವುದಿಲ್ಲ. ಉತ್ತರ ಕನ್ನಡದ ಕಾಡುತೊರೆಗಳ ಕುಂಬಾರ ಕಪ್ಪೆಯನ್ನು 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಲಾಯಿತು. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅಲ್ಲಿ ಕಡ್ಡಿಯೂ ಬೇಕು, ಅದರ ಕೆಳಗೆ ಕೈಗೆಟಕುವ ಕೆಸರೂ ಬೇಕು. ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ ಇಡುವುದೂ ನೀರಿನ ಮೇಲೆ ತೂಗುವ ಎಲೆಗೆ. ಹಾವು ಬಂದು ಆ ಮುದ್ದೆಗೆ ಬಾಯಿ ಹಾಕಿದರೆ, ಇನ್ನೂ ದಿನ ತುಂಬದ ಮೊಟ್ಟೆಗಳು ಕ್ಷಣಗಳಲ್ಲಿ ಒಡೆದು ಗೊದಮೊಟ್ಟೆಗಳು ನೀರಿಗೆ ಉದುರುತ್ತವೆ. ಮಳೆ ಬಡಿದರೂ ಎಲೆ ಅಲುಗುತ್ತದೆ, ಆದರೆ ಆಗ ಹಾಗೆ ಉದುರುವುದಿಲ್ಲ. ಕಂಪನದ ಲಯದಲ್ಲೇ ಹಾವು ಯಾವುದು, ಮಳೆ ಯಾವುದು ಎಂದು ಮೊಟ್ಟೆಯೊಳಗಿನ ಜೀವ ತಿಳಿಯುತ್ತದೆ. ದಡವನ್ನು ಸ್ವಚ್ಛಗೊಳಿಸುವ ಹೆಸರಿನಲ್ಲಿ ಬಾಗಿದ ಗಿಡಗಳನ್ನು ಸವರಿಹಾಕಿದರೆ ಈ ಜಾಣತನಕ್ಕೆ ಜಾಗವೆಲ್ಲಿ? ತೊರೆ ಹರಿಯುತ್ತಲೇ ಇರುತ್ತದೆ, ನಿಮ್ಮ ನೀರಿನ ಲೆಕ್ಕ ಸರಿಯಾಗಿಯೇ ಇರುತ್ತದೆ.

ಇನ್ನು ಪಶ್ಚಿಮ ಘಟ್ಟದ ನೇರಳೆ ಕಪ್ಪೆ. ಇದರ ಗೊದಮೊಟ್ಟೆಯನ್ನು ಪ್ರಾಣಿಶಾಸ್ತ್ರಜ್ಞರು 20ನೇ ಶತಮಾನದ ಎರಡನೇ ದಶಕದಲ್ಲೇ ವಿವರಿಸಿದ್ದರು. ಬಂಡೆಗೆ ಬಾಯಿಯಿಂದಲೇ ಕಚ್ಚಿಕೊಂಡು ಭೋರ್ಗರೆವ ತೊರೆಯಲ್ಲಿ ನಿಲ್ಲುವ ಆ ಮರಿ ಯಾವ ಕಪ್ಪೆಯದೆಂದು ಅವರಿಗೆ ಗೊತ್ತಿರಲಿಲ್ಲ. ದೊಡ್ಡ ಕಪ್ಪೆಗೆ ವೈಜ್ಞಾನಿಕ ಹೆಸರು ಬಂದದ್ದು 2003ರಲ್ಲಿ. ವರ್ಷದಲ್ಲಿ ಕೆಲವೇ ದಿನ, ಮಳೆಗಾಲದ ಬಾಗಿಲಲ್ಲಿ ಮಾತ್ರ ಅದು ಮೇಲೆ ಬರುತ್ತದೆ. ಉಳಿದಂತೆ ಗೆದ್ದಲು ತಿನ್ನುತ್ತ ನೆಲದಡಿಯಲ್ಲೇ ಇರುತ್ತದೆ. ಹಾವಿನ ಹಾಗೆ ಪೊರೆ ಬಿಟ್ಟು ಹೋಗುವುದಿಲ್ಲ, ಹುಲಿಯ ಹಾಗೆ ಹೆಜ್ಜೆ ಮೂಡಿಸುವುದಿಲ್ಲ. ಇಂಥ ಪ್ರಾಣಿಯ ಇರವನ್ನು ಎರಡು ದಿನದ ಕ್ಷೇತ್ರಭೇಟಿಯಲ್ಲಿ ಇಲ್ಲವೆಂದು ಸಾಬೀತು ಮಾಡುವ ಸಲಹಾ ಸಂಸ್ಥೆಗಳ ಧೈರ್ಯ ಮೆಚ್ಚಬೇಕಾದದ್ದೇ.

ಉಪ್ಪುನೀರಿನ ಕಾಂಡ್ಲಾ ಕಾಡಿನಲ್ಲೂ ಕಪ್ಪೆ ಇರಬಹುದೆಂದು ಹೇಳಿದರೆ ಕರಾವಳಿ ಯೋಜನೆಗಳವರು ನಗುತ್ತಾರೆ. ಆಗ್ನೇಯ ಏಷ್ಯಾದ ಏಡಿ ತಿನ್ನುವ ಕಪ್ಪೆ ರಕ್ತದಲ್ಲಿ ಯೂರಿಯಾ ಉಳಿಸಿಕೊಂಡು ಸಮುದ್ರದ ನೀರಿಗೆ ಸಮೀಪದ ಉಪ್ಪನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಅವರ ಗಮನಕ್ಕೆ ತರುತ್ತೇನೆ.

ನೀರಿನಲ್ಲೇ ಮೊಟ್ಟೆ ಇಡುವ ಕಪ್ಪೆಗಳ ಮಟ್ಟಿಗೂ ಕೊಳ ಎಂಬುದು ಹೆರಿಗೆಕೋಣೆ ಮಾತ್ರ, ಮನೆಯಲ್ಲ. ವರ್ಷದ ಕೆಲವು ದಿನಗಳನ್ನೋ ವಾರಗಳನ್ನೋ ಅಲ್ಲಿ ಕಳೆದು ಅವು ಕಾಡಿಗೆ, ಹುಲ್ಲಿಗೆ, ಬಿಲಕ್ಕೆ ಮರಳುತ್ತವೆ. ಉಭಯಚರಗಳು ನೀರಿನ ಅಂಚಿನಿಂದ ಎಷ್ಟು ದೂರದ ನೆಲವನ್ನು ಬಳಸುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ಸಂಶೋಧಕರಿಗೆ 2003ರಲ್ಲಿ ಸಿಕ್ಕ ಸರಾಸರಿ ಸುಮಾರು 160ರಿಂದ 290 ಮೀಟರ್. ನೀವು ವರದಿಗಳಲ್ಲಿ ಒಪ್ಪಿಕೊಳ್ಳುವ ಹಸಿರು ಪಟ್ಟಿಯ ಅಗಲವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೊಳವನ್ನು ಉಳಿಸಿ ಅದರ ಸುತ್ತ ರಸ್ತೆ ಬಿಡುವ ನಕ್ಷೆಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದಿಷ್ಟೇ: ಇದನ್ನು ಬರೆದವರು ಮೊಟ್ಟೆಯನ್ನು ನೋಡಿದ್ದಾರೆ, ಮೊಟ್ಟೆಯಿಟ್ಟದ್ದು ಎಲ್ಲಿಂದ ನಡೆದು ಬಂತು ಎಂದು ಕೇಳಿಲ್ಲ.

ಕೊಳ ತೋಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ಆರ್ಗೌ ಪ್ರಾಂತ್ಯದಲ್ಲಿ ಎರಡು ದಶಕಗಳ ಅವಧಿಯಲ್ಲಿ ನಾನೂರಕ್ಕೂ ಹೆಚ್ಚು ಹೊಸ ಹೊಂಡಗಳನ್ನು ತೋಡಿದರು. ಅಲ್ಲಿನ ಹೆಚ್ಚಿನ ಉಭಯಚರ ಜಾತಿಗಳ ಸ್ಥಿತಿ ಸುಧಾರಿಸಿತು, ಯುರೋಪಿನ ಮರಗಪ್ಪೆಯಂತೂ ಚೆನ್ನಾಗಿಯೇ ಹರಡಿತು. ಆದರೆ ಅದು ಹೇಗಾಯಿತು ನೋಡಿ. ಒಂದಲ್ಲ, ನೂರಾರು ಹೊಂಡ. ಕಪ್ಪೆಗಳು ಈಗಾಗಲೇ ಇರುವ ಹೊಂಡಗಳಿಂದ ನಡೆದು ತಲುಪಬಹುದಾದ ದೂರದಲ್ಲಿ. ಅವು ನಿಜಕ್ಕೂ ಹೊಂಡದಲ್ಲೇ ಮರಿ ಮಾಡುವ ಜಾತಿಗಳು. ಮೊದಲು ನಾಶ, ಆಮೇಲೆ ಪರಿಹಾರ ಎಂಬ ವ್ಯಾಪಾರವೂ ಅಲ್ಲಿರಲಿಲ್ಲ. ಕಳೆದುಹೋದದ್ದನ್ನು ಮರಳಿ ಕೊಡುವ ಕೆಲಸವಾಗಿತ್ತು. ಈ ಯಶಸ್ಸನ್ನು ಬಿದಿರುಗಪ್ಪೆಯನ್ನೋ ತುಂತುರಿನ ಕಪ್ಪೆಯನ್ನೋ ಅಳಿಸಲು ಉದಾಹರಣೆಯಾಗಿ ತಂದರೆ ಒಪ್ಪಲಾಗದು.

2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯಚರ ಜಾತಿಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಭೀತಿಯಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಸಂಕಟದಲ್ಲಿರುವ ವರ್ಗ ಬೇರೊಂದಿಲ್ಲ. ರೋಗ, ಹವಾಮಾನ ಎರಡೂ ಕಾರಣಗಳೇ. ಅವು ನಿಮ್ಮ ಸಹಿಗೆ ಕಾಯುವುದಿಲ್ಲ ನಿಜ. ಆದರೆ ಎಲ್ಲಕ್ಕಿಂತ ಹೆಚ್ಚು ಜಾತಿಗಳನ್ನು ಕಾಡುತ್ತಿರುವುದು ನೆಲೆಯ ನಾಶ, ಅದು ನಿಮ್ಮ ಸಹಿಗಾಗಿಯೇ ಕಾಯುತ್ತಿರುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ. ವರದಿಯಲ್ಲಿ ಉಭಯಚರಗಳ ಪಟ್ಟಿ ಇದ್ದರೆ ಪ್ರತಿ ಜಾತಿಯ ಎದುರು ಅದು ಎಲ್ಲಿ ಮೊಟ್ಟೆ ಇಡುತ್ತದೆ, ಮರಿ ಎಲ್ಲಿ ಬೆಳೆಯುತ್ತದೆ, ಉಳಿದ ತಿಂಗಳು ಎಲ್ಲಿರುತ್ತದೆ ಎಂಬ ಮೂರು ಕಾಲಂ ಕಡ್ಡಾಯ ಮಾಡಿ. ಕೊಳ ಎಂಬ ಉತ್ತರ ಎಲ್ಲ ಸಾಲಿನಲ್ಲೂ ಬಂದಿದ್ದರೆ ಬರೆದವರು ಕಪ್ಪೆಯನ್ನು ನೋಡಿಲ್ಲವೆಂದೇ ತಿಳಿಯಿರಿ. ಬೇಸಿಗೆಯ ಹಗಲಿನ ಸಮೀಕ್ಷೆಯನ್ನು ಸಮೀಕ್ಷೆಯೆಂದು ಒಪ್ಪಬೇಡಿ. ಮೊದಲ ಮಳೆಯ ರಾತ್ರಿಗಳು, ಮಳೆಗಾಲದ ನಡು, ಮಳೆ ಹಿಂದೆಗೆದ ಮೇಲೆ, ಹೀಗೆ ಆಯಾ ಪ್ರದೇಶದ ಋತುಮಾನಕ್ಕೆ ತಕ್ಕಂತೆ ಹೋಗಲಿ, ಕೂಗನ್ನು ಧ್ವನಿಮುದ್ರಿಸಲಿ, ಬಿದಿರಿನ ಸೀಳು, ಮರದ ಪೊಟರೆ, ಬಂಡೆಯ ಬಿರುಕು, ತರಗೆಲೆಯ ಅಡಿ ಎಲ್ಲವನ್ನೂ ನೋಡಲಿ. ವರ್ಷಕ್ಕೆ ಆರು ವಾರ ಮಾತ್ರ ನೀರು ನಿಲ್ಲುವ ತಗ್ಗನ್ನೂ ನಕ್ಷೆಯಲ್ಲಿ ಜಲಮೂಲವೆಂದೇ ಗುರುತಿಸಲಿ. ಬದಲಿ ನೆಲೆ ಕೊಡುತ್ತೇವೆ ಎನ್ನುವವರು ಅದನ್ನು ಮೊದಲು ಸಿದ್ಧಪಡಿಸಿ, ಅದೇ ಜಾತಿ ಅಲ್ಲಿ ಮರಿ ಮಾಡಿದ್ದನ್ನು ತೋರಿಸಲಿ. ಹಳೆಯದರ ಮೇಲೆ ಯಂತ್ರ ಹರಿಸುವ ಮಾತು ಆಮೇಲೆ. ತೋರಿಸಲು ಆಗುವುದಿಲ್ಲವೆಂದಾದರೆ, ಕೆಲವು ಜಾಗಗಳಿಗೆ ಬದಲಿ ಇಲ್ಲವೆಂದು ಬರೆದು ಯೋಜನೆಯ ದಾರಿಯನ್ನೇ ಬದಲಿಸುವ ಅಧಿಕಾರ ನಿಮಗಿದೆ.

ಸಮೀಕ್ಷೆ ನಡೆದ ದಿನಾಂಕ, ಹೊತ್ತು, ಅಂದಿನ ಮಳೆ, ನಡೆಸಿದವರ ಅನುಭವ, ಸಿಕ್ಕ ಮತ್ತು ಸಿಗದ ಜಾತಿಗಳ ಕ್ಷೇತ್ರ ಟಿಪ್ಪಣಿ ಇವನ್ನೆಲ್ಲ ವರದಿಯ ಜೊತೆಗೇ ಸಾರ್ವಜನಿಕರ ಮುಂದಿಡಿ. ಕಪ್ಪೆಯ ಕೂಗು ಗುರುತಿಸಬಲ್ಲವರು ಎಲ್ಲ ಕಡೆಯೂ ಇದ್ದಾರೆ. ಓದಿ, ತಪ್ಪಿದ್ದರೆ ತಪ್ಪೆಂದು ಹೇಳುವ ಕೆಲಸವನ್ನು ನಾವು ಮಾಡುತ್ತೇವೆ.

ಇಂತಿ,
ನಿಮ್ಮ ವರದಿಗಳನ್ನು ಪೂರ್ತಿ ಓದುವ ಒಬ್ಬ ನಾಗರಿಕ